ರಾಜಕುಮಾರಿಗೆ ಗಾಢ ನಿದ್ದೆ

ಆ ಬ್ಯಾಲೆ ಮಂಡಳಿಯಲ್ಲಿ ಒಂದು ನಿಯಮವಿತ್ತು. ಒಮ್ಮೆ ಸಿಕ್ಕ ಪಾತ್ರ ಜೀವ ಇರುವವರೆಗೂ ನಿಮ್ಮದೇ. ನೀವಾಗಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಬ್ಬರಿಗೆ. ಕಿತ್ತಾಟ ಬೇಡವೆಂದು ಹಿರಿಯರು ಮಾಡಿಟ್ಟ ಈ ನಿಯಮದ ಪುಣ್ಯದಿಂದ, ವರ್ಷ ವರ್ಷವೂ ಆಡುತ್ತಿದ್ದ ನಿದ್ದೆ ಹೋದ ರಾಜಕುಮಾರಿಯ ಕಥೆಯಲ್ಲಿ ರಾಜಕುಮಾರನಿಗೆ ಆಗಲೇ ಮೊಮ್ಮಗ ಹುಟ್ಟಿದ್ದ. ರಾಜಕುಮಾರ ಎಂದರೆ ಹಲ್ಲಿನ ಡಾಕ್ಟರು. ಮಖಮಲ್ಲಿನ ಅಂಗಿಯೊಳಗೆ ಸೊಂಟದ ಪಟ್ಟಿ ಬಿಗಿದುಕೊಂಡು ಬರುತ್ತಿದ್ದ ಅವರು ಒಮ್ಮೆ ಮಂಡಿಯೂರಿದರೆ ಮತ್ತೆ ಏಳಲು ಮಂಚದ ಕಾಲನ್ನೇ ಹಿಡಿಯಬೇಕಿತ್ತು.

ರಾಜಕುಮಾರಿ ಎಂದರೆ ಅಕ್ಕ. ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅಕ್ಕ ತನ್ನ ಮುಖಕ್ಕೆ ವಯಸ್ಸಾಗದಂತೆ ನೋಡಿಕೊಂಡಿದ್ದಳು. ಕಾಲುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಇನ್ನು ತಂಗಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ರಂಗದ ಮೇಲೆ, ಮಲಗಿದ ರಾಜಕುಮಾರಿಯ ಸುತ್ತ ಬೆಳೆಯುವ ಮುಳ್ಳಿನ ಪೊದೆ. ಹಸಿರು ಗೋಣಿತಾಟು ಹೊದ್ದು, ಮೈ ತುಂಬ ಕಾಗದದ ಮುಳ್ಳು ಅಂಟಿಸಿಕೊಂಡು, ಮಂಚದ ತಲೆದೆಸೆಗೆ ನಿಲ್ಲುವುದಷ್ಟೇ ಅವಳ ಕೆಲಸ ಎಂದು ನೋಡುವವರು ತಿಳಿದಿದ್ದರು. ನಿಜವಾದ ಕೆಲಸ ಬೇರೆಯಿತ್ತು. ಅಕ್ಕನಿಗೆ ಒಂದು ಹೆಜ್ಜೆಯೂ ನೆನಪಿರುತ್ತಿರಲಿಲ್ಲ. ರಾಜಕುಮಾರಿ ಕಣ್ಣು ಬಿಟ್ಟು, ಎದ್ದು, ನೂರು ವರ್ಷದ ಜಡ್ಡು ಕೊಡವಿ ಕುಣಿಯುವ ಆ ದೊಡ್ಡ ನೃತ್ಯವನ್ನು ಗೋಣಿತಾಟಿನೊಳಗಿಂದ ತಂಗಿಯೇ ಪಿಸುಗುಟ್ಟಿ ನಡೆಸುತ್ತಿದ್ದಳು. "ಬಲಕ್ಕೆ ತಿರುಗು ಅಕ್ಕ. ಕೈ ಮೇಲೆ. ಈಗ ನಿಧಾನ."

ಆ ನೃತ್ಯದ ಮೇಲೆ ತಂಗಿಗೆ ಜೀವ. ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ಗಂಡ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಕಟ್ಟೆ ಹಿಡಿದು, ಬೆರಳ ತುದಿಯ ಮೇಲೆ ನಿಂತು, ಕುಕ್ಕರ್ ಕೂಗುವಷ್ಟರಲ್ಲಿ ಅದನ್ನು ಆಡಿ ಮುಗಿಸುತ್ತಿದ್ದಳು. ಒಮ್ಮೆ ನಾಚಿಕೆ ಬಿಟ್ಟು ಅಕ್ಕನ ಹತ್ತಿರ ಕೇಳಿಯೂ ಇದ್ದಳು.

"ನಿಂಗೇನೇ ಕಮ್ಮಿ ಆಗಿರೋದು? ಪೊದೆ ಇಲ್ದೆ ಕಥೆ ನಡೆಯುತ್ತಾ?" ಎಂದು ಅಕ್ಕ ಕೆನ್ನೆ ತಟ್ಟಿ ಕಳಿಸಿದ್ದಳು.

ಆ ವರ್ಷ ಅಕ್ಕನಿಗೆ ಸಹಜ ಅಭಿನಯದ ಹುಚ್ಚು ಹಿಡಿಯಿತು. "ಬರೀ ಹಲಗೆ ಮೇಲೆ ಮಲಗಿದ್ರೆ ಮುಖದಲ್ಲಿ ನಿದ್ದೆ ಕಾಣಲ್ಲ" ಎಂದು ಮನೆಯಿಂದ ತನ್ನದೇ ಹಾಸಿಗೆ, ತನ್ನದೇ ದಿಂಬು ತರಿಸಿದಳು. ಜೊತೆಗೆ ನೆಗಡಿ. ರಂಗದ ಮೇಲೆ ಕೆಮ್ಮಿದರೆ ಮಾನ ಹೋದೀತೆಂದು ಕೆಮ್ಮಿನ ಔಷಧಿಯನ್ನು ಧಾರಾಳವಾಗಿ ಕುಡಿದಳು.

ಚರಕದ ಕದಿರು ಬೆರಳಿಗೆ ಚುಚ್ಚಿತು, ಶಾಪದಂತೆ ರಾಜಕುಮಾರಿ ಮಲಗಿದಳು. ನೂರು ವರ್ಷ ಶುರುವಾಯಿತು. ಈ ಮಂಡಳಿಯಲ್ಲಿ ನೂರು ವರ್ಷ ಬೇಗ ಮುಗಿಯುವಂಥದ್ದಲ್ಲ. ಹರಸಲು ಬರುವ ಯಕ್ಷಿಣಿಯರೂ ಆಜೀವ ಪಾತ್ರಧಾರಿಗಳೇ, ತಮ್ಮ ಸರದಿಯಲ್ಲಿ ಒಂದು ಸುತ್ತನ್ನೂ ಬಿಟ್ಟುಕೊಡುವವರಲ್ಲ. ನಾಲ್ಕನೆಯ ಯಕ್ಷಿಣಿ ಏದುಸಿರು ಬಿಡುತ್ತ ಒಳಗೆ ಹೋಗುವ ಹೊತ್ತಿಗೆ ಮಂಚದಿಂದ ಗೊರಕೆ ಕೇಳಿಸಿತು. ಮುಂದಿನ ಸಾಲಿನವರು ಎಂಥ ಅಭಿನಯ ಎಂದು ತಲೆದೂಗಿದರು.

ರಾಜಕುಮಾರ ಬಂದ, ಮಂಡಿಯೂರಿದ, ಕೈಗೆ ಮುತ್ತಿಟ್ಟ. ಸ್ಪೀಕರಿನಲ್ಲಿ ದೊಡ್ಡ ನೃತ್ಯದ ಸಂಗೀತ ಮೊದಲಾಯಿತು.

"ಅಕ್ಕ, ಏಳು" ಎಂದಿತು ಪೊದೆ. "ಅಕ್ಕ. ಏಯ್ ಅಕ್ಕ."

ಅಕ್ಕ ದಿಂಬನ್ನು ತಬ್ಬಿಕೊಂಡು ಮಗ್ಗುಲು ಬದಲಿಸಿದಳು. ಮಂಡಿಯೂರಿದ್ದ ಡಾಕ್ಟರು ಏಳಲಾರದೆ ಮಂಚದ ಕಾಲು ಹಿಡಿದು ಪೊದೆಯ ಕಡೆ ನೋಡಿದರು. "ಏನಾದ್ರೂ ಮಾಡಮ್ಮ, ನನ್ನ ಸೊಂಟ ಹಿಡ್ಕೊಂಡಿದೆ" ಎಂದು ಹಲ್ಲು ಕಚ್ಚಿ ಹೇಳಿದರು.

ಸಂಗೀತ ಓಡುತ್ತಲೇ ಇತ್ತು. ಬೇರು ಬಿಟ್ಟಂತೆ ನಿಂತಿದ್ದ ಪೊದೆ ಮಂಚವನ್ನು ಬಳಸಿಕೊಂಡು ಮುಂದೆ ಬಂದು ಬೆರಳ ತುದಿಯ ಮೇಲೆ ನಿಂತಿತು. ಆಮೇಲೆ ತಂಗಿಗೆ ಜನವೂ ಕಾಣಲಿಲ್ಲ, ಅಕ್ಕನೂ ಕಾಣಲಿಲ್ಲ. ತಿರುಗಿದ ಕಡೆಯೆಲ್ಲ ಕಾಗದದ ಮುಳ್ಳು ಉದುರಿದವು. ಬದುಕಿನಲ್ಲಿ ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಎಚ್ಚರವಾದ ಅಕ್ಕ ಮೈಮುರಿದು, ಮಂಚದಿಂದಿಳಿದು, ಎಲ್ಲರಿಗಿಂತ ಮುಂದೆ ಬಂದು ತಲೆಬಾಗಿ ನಮಸ್ಕರಿಸಿದಳು.

ಬಣ್ಣ ಅಳಿಸುವ ಕೋಣೆಯಲ್ಲಿ ಅವಳ ಬೀಗುವಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮಂಡಳಿಯ ಕಾರ್ಯದರ್ಶಿ ಅವಳನ್ನು ದಾಟಿಕೊಂಡು ನೇರ ತಂಗಿಯ ಹತ್ತಿರ ಬಂದರು. "ಏನಮ್ಮ ಆ ಪೊದೆ ನೃತ್ಯ! ನಮ್ಮ ಆಟದಲ್ಲಿ ಇಷ್ಟು ವರ್ಷ ಜನ ಎದ್ದು ನಿಲ್ತಿದ್ದಿದ್ದು ಮನೆಗೆ ಹೋಗೋಕೆ ಮಾತ್ರ. ಇನ್ಮೇಲೆ ಈ ನೃತ್ಯ ಪೊದೆಗೇ ಇರ್ಲಿ. ಅದು ಮುಗಿದ್ಮೇಲೆ ರಾಜಕುಮಾರಿ ಎದ್ದು ಕೂತ್ರೆ ಸಾಕು."

ಕೆನ್ನೆಯ ಮೇಲಿದ್ದ ಅಕ್ಕನ ಹತ್ತಿ ಅಲ್ಲೇ ನಿಂತಿತು.

ಮುಂದಿನ ಸಭೆಯಲ್ಲಿ ಅಕ್ಕ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. "ನನ್ನ ತಂಗಿ ಎಷ್ಟು ವರ್ಷದಿಂದ ಆಸೆ ಇಟ್ಕೊಂಡಿದ್ದಾಳೆ. ನಾನು ಎಷ್ಟು ದಿನ ಅಂತ ಕಣ್ಮುಚ್ಕೊಂಡಿರ್ಲಿ? ರಾಜಕುಮಾರಿ ಅವಳಿಗೇ ಬಿಟ್ಕೊಟ್ಟೆ. ನನಗೇನು, ಒಂದು ಮೂಲೇಲಿ ಪೊದೆ ಆಗಿ ನಿಂತ್ಕೋತೀನಿ." ಹಿರಿಯ ಯಕ್ಷಿಣಿಯರು ಕಣ್ಣೊರೆಸಿಕೊಂಡರು. ಡಾಕ್ಟರು ಇಂಥ ಅಕ್ಕ ಎಲ್ಲರಿಗೂ ಸಿಗುವುದಿಲ್ಲ ಎಂದರು.

"ಪೊದೆ ಬಿಟ್ಟುಕೊಡ್ತೀಯಲ್ಲಮ್ಮ?" ಎಂದು ಕಾರ್ಯದರ್ಶಿ ತಂಗಿಯನ್ನು ಕೇಳಿದರು.

ರಾಜಕುಮಾರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ತಂಗಿಯ ತಲೆ ಹೂಂ ಎಂದು ಆಡಿಬಿಟ್ಟಿತ್ತು. ನೃತ್ಯ ಈಗ ರಾಜಕುಮಾರಿಯದಲ್ಲ ಎಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ಎಲ್ಲರೂ ಕಾಫಿಗೆ ಎದ್ದಿದ್ದರು. ಅಂದು ಮನೆಗೆ ಹೋಗಿ ಅವಳು ಅಡುಗೆಮನೆಯ ಕಟ್ಟೆ ಹಿಡಿದು ಅತ್ತಳು.

ಮರುವರ್ಷದ ಆಟದ ದಿನ ಅವಳು ಅಕ್ಕನ ಹಳೆಯ ಗೌನು ತೊಟ್ಟು, ಅಕ್ಕನ ಹಾಸಿಗೆಯ ಮೇಲೆಯೇ ಮಲಗಿದ್ದಳು. ತಲೆದೆಸೆಗೆ ಹೊಸ ಪೊದೆ. ಗೋಣಿತಾಟು ಹೋಗಿ ರೇಷ್ಮೆ ಬಂದಿತ್ತು, ಮುಳ್ಳುಮುಳ್ಳಿಗೂ ಮಿಣುಕು. ಡಾಕ್ಟರು ಮುತ್ತಿಟ್ಟರು, ಸಂಗೀತ ಮೊದಲಾಯಿತು, ಪೊದೆ ಠೀವಿಯಿಂದ ಮುಂದೆ ಹೋಯಿತು. ಒಂದು ಸುತ್ತು ಬಂತು. ನಿಂತಿತು. ಇಲ್ಲದ ಹೆಜ್ಜೆ ಹಾಕುತ್ತ ಹಿಂದೆ ಸರಿದು ಮಂಚದ ಪಕ್ಕಕ್ಕೆ ಬಂತು.

"ಮುಂದೇನೇ?" ಎಂದು ಅಕ್ಕ ತುಟಿ ಆಡಿಸದೆ ಕೇಳಿದಳು.

ತಂಗಿಗೆ ಗೊತ್ತಿತ್ತು. ಒಂದೊಂದು ಹೆಜ್ಜೆಯೂ ನಾಲಿಗೆಯ ತುದಿಯಲ್ಲಿತ್ತು.

"ಕೇಳಿಸ್ತೇನೇ? ಬಲಕ್ಕಾ, ಎಡಕ್ಕಾ? ಬೇಗ ಹೇಳೇ, ಎಲ್ರೂ ನೋಡ್ತಿದ್ದಾರೆ."

ಹಾಸಿಗೆ ನಿಜಕ್ಕೂ ಮೆತ್ತಗಿತ್ತು. ತಂಗಿ ಅಕ್ಕನ ದಿಂಬನ್ನು ತಬ್ಬಿಕೊಂಡು ಮಗ್ಗುಲು ಬದಲಿಸಿದಳು, ಮತ್ತು ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಗೊರಕೆ ಹೊಡೆದಳು.