ದೇವರ ಮನೆಯ ಕರೆಂಟ್ ಒಲೆ

“ಎದಿಯಾಗ ಮಶೀನ್ ಕುಂದ್ರಿಸಿದವರು ಆ ಒಲಿ ಹತ್ರ ಕೂಡಬಾರದಂತಲ್ರಿ ಅಕ್ಕಾ! ನೀವು ನಿಮ್ಮ ಅತ್ತಿಗೇ ಅದನ್ನ ತಂದುಕೊಟ್ಟೀರೇನು?”

ಗುರುದೇವಿ ಚಹಾದಲ್ಲಿ ಬಿಸ್ಕೀಟು ಅದ್ದಿಕೊಂಡೇ ಕೇಳಿದಳು. ಗಚ್ಚಿಬೌಲಿಯ ಆಫೀಸು, ಬೆಳಗಿನ ಚಹಾದ ಹೊತ್ತು. ಆ ತನಕ ಸಂಪದಾ ಹೊಸ ಇಂಡಕ್ಷನ್ ಒಲೆಯ ಪುರಾಣ ಹೇಳಿ ಟೇಬಲ್ಲಿನವರನ್ನೆಲ್ಲ ನಗಿಸುತ್ತಿದ್ದಳು.

ನಗುವಂಥದ್ದೇ ಆಗಿತ್ತು. ಅವರ ಮನೆಯಲ್ಲಿ ಗ್ಯಾಸಿನ ಮೇಲೆ ಉಳ್ಳಾಗಡ್ಡಿ ಬಳ್ಳೊಳ್ಳಿ ಎಲ್ಲ ಆಗುತ್ತದೆ. ನೈವೇದ್ಯ ಮಾತ್ರ ದೇವರ ಮನೆಯಲ್ಲಿ, ಬೇರೆ ಒಲೆಯ ಮೇಲೆ, ಅತ್ತೆ ತುಳಸಾಬಾಯಿಯೇ ಮಡಿಯುಟ್ಟು ಮಾಡಬೇಕು. ಇಷ್ಟು ವರ್ಷ ಸೀಮೆಎಣ್ಣೆ ಸ್ಟೋವ್ ಇತ್ತು. ಹೋದ ಚಳಿಗಾಲದಲ್ಲಿ ಅವರ ಎದೆಗೆ ಪೇಸ್‌ಮೇಕರ್ ಹಾಕಿದ ಮೇಲೆ ಆ ಹೊಗೆ ಬೇಡವೇ ಬೇಡ ಎಂದು ಮಗ ಪ್ರಹ್ಲಾದ ಹಟ ಹಿಡಿದ. ಹಾಗಾಗಿ ಭಾನುವಾರ ಅತ್ತೆ ಸೊಸೆ ಮೆಹದಿಪಟ್ಟಣಂನ ಅಂಗಡಿಗೆ ಹೋದರು. ಅಂಗಡಿಯವನು ಬೆರಳು ತಾಗಿಸಿದರೆ ಹತ್ತಿಕೊಳ್ಳುವ ನುಣುಪಾದ ಒಲೆ ತೋರಿಸಿದ. ಅತ್ತೆ ಬಾಟಲಿ ತೆಗೆದು ಬೆರಳ ಮೇಲೆ ನೀರು ಸುರಿದುಕೊಂಡು ಮುಟ್ಟಿದರು. ಜಪ್ಪಯ್ಯ ಅಂದರೂ ಅದು ಹತ್ತಲಿಲ್ಲ.

“ಮಡಿಯೊಳಗ ಕೈ ಒಣಗಿರ್ತಾವೇನೋ ತಮ್ಮಾ? ಒತ್ತೋ ಗುಂಡಿ ಇದ್ದದ್ದು ತೋರ್ಸು.”

ಗುಂಡಿಯದು ಬಂತು. “ಇದನ್ನ ದಿನಾ ಒಂದು ಕೊಡ ನೀರು ಹಾಕಿ ತೊಳೀಬಹುದಲ್ಲ?” ಎಂದು ಅತ್ತೆ ಕೇಳಿದ್ದನ್ನು ಸಂಪದಾ ಹಿಂದಿಯಲ್ಲಿ ಹೇಳಿದಾಗ ಅವನು ಎರಡೂ ಕೈ ಎತ್ತಿಬಿಟ್ಟ. “ಪಾನೀ ನಕ್ಕೋ ಅಮ್ಮಾ, ಪಾನೀ ನಕ್ಕೋ!” ನೀರು ಮಾತ್ರ ಬೇಡವೇ ಬೇಡವಂತೆ.

ಒಲೆಯ ಜೊತೆ ಒಂದು ಸ್ಟೀಲಿನ ಪಾತ್ರೆ ಪುಕ್ಕಟೆ ಬಂತು. ಇದರ ಮೇಲೆ ಇಂಥ ಪಾತ್ರೆಯನ್ನೇ ಇಡಬೇಕು ಎಂದು ಸಂಪದಾ ಎರಡೆರಡು ಸಲ ಹೇಳಿದ್ದಳು. ಅತ್ತೆ ಹೂಂ ಅಂದಿದ್ದರು. ಒದ್ದೆ ಬೆರಳಿನ ತನಕ ಎಲ್ಲವನ್ನೂ ನೋಡಿ ಆರಿಸಿದ ಒಲೆ. ಎದೆಯೊಳಗಿನ ಮಶೀನಿನ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ.

“ಯಾರಂದ್ರು ನಿನಗ?” ಸಂಪದಾ ಕೇಳಿದಳು.

“ನಮ್ಮ ಸೋದರಮಾವಗ ಹಾಕ್ಯಾರಲ್ರಿ, ಗುಲಬರ್ಗಾದಾಗ. ಡಾಕ್ಟರೇ ಹೇಳ್ಯಾರ. ಒಲಿಯಾಗಿನ ಅಯಸ್ಕಾಂತ ಇದಕ್ಕ ಅಡ್ಡ ಬರತೈತಂತ. ಎರಡು ಫೂಟು ದೂರ ಇದ್ದರ ಭಯ ಇಲ್ಲಂತ.” ಗುರುದೇವಿ ಅವಳ ಮುಖ ನೋಡಿ ದನಿ ಇಳಿಸಿದಳು. “ನಿಂತು ಅಡಗಿ ಮಾಡತಾರಲ್ಲ? ಅಷ್ಟು ಹತ್ರ ಬರೂದಿಲ್ಲ ಬಿಡ್ರಿ.”

ತುಳಸಾಬಾಯಿ ನಿಂತು ಮಾಡುವವರಲ್ಲ. ನೆಲದ ಮೇಲೆ ಮಣೆ ಹಾಕಿಕೊಂಡು, ಒಲೆಯನ್ನು ಮೊಣಕಾಲಿಗೆ ತಾಗುವಂತೆ ಎಳೆದುಕೊಂಡು, ಕುದಿಯುವುದನ್ನು ಬಗ್ಗಿ ಬಗ್ಗಿ ನೋಡುವವರು. ಕಣ್ಣು ಮಂದವಾದ ಮೇಲಂತೂ ಎದೆ ಪಾತ್ರೆಯ ಮೇಲೆಯೇ ಇರುತ್ತದೆ. ಇವತ್ತು ಗುರುವಾರ, ರಾಯರಿಗೆ ನೈವೇದ್ಯ. ಹೊಸ ಒಲೆ ಹಚ್ಚುವ ದಿನ.

ಸಂಪದಾ ಮನೆಗೆ ಫೋನ್ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಎತ್ತುವುದಿಲ್ಲ ಎಂದು ಗೊತ್ತಿತ್ತು. ಮಡಿಯಲ್ಲಿದ್ದಾಗ ಅತ್ತೆ ಫೋನ್ ಮುಟ್ಟುವುದಿಲ್ಲ, ಸ್ವತಃ ಮಗನೇ ಕರೆದರೂ ಮುಟ್ಟುವುದಿಲ್ಲ. ಅವರು ಮಡಿಯಲ್ಲಿದ್ದಾರೋ ಅಥವಾ ನೆಲದ ಮೇಲೆ ಬಿದ್ದಿದ್ದಾರೋ? ಎರಡಕ್ಕೂ ಆ ಫೋನು ಒಂದೇ ಥರ ಬಡಿದುಕೊಳ್ಳುತ್ತದೆ. ಪ್ರಹ್ಲಾದ ವಿಜಯವಾಡದಲ್ಲಿ ಯಾವುದೋ ಮೀಟಿಂಗಿನಲ್ಲಿದ್ದ. ಅವನ ಮೊಬೈಲು ಬಂದ್ ಆಗಿತ್ತು.

ಆಟೋದಲ್ಲಿ ಕೂತು ಎದುರುಮನೆಯ ವನಜಾಗೆ ಫೋನ್ ಮಾಡಿದಳು. “ಸ್ವಲ್ಪ ನಮ್ಮ ಮನಿ ಗಂಟಿ ಬಾರ್ಸ್ರಿ. ಅತ್ಯಾ ಮಾತಾಡಿದ್ರ ಸಾಕು. ಒಲಿ ಆರ್ಸಿ ದೂರ ಸರೀರಿ ಅಂತ ಹೇಳ್ರಿ.”

ಟೋಲಿಚೌಕಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ವನಜಾಳ ಫೋನು ಅಲ್ಲಿ ಬಂತು.

“ಸಂಪದಾ, ಗಂಟಿ ಬಾರಿಸಿದೆ, ಬಾಗಿಲಾ ಬಡದೆ. ಹೂಂ ಇಲ್ಲ ಹಾಂ ಇಲ್ಲ. ಒಳಗ ಏನೋ ಕುಂಯ್ ಕುಂಯ್ ಅಂತ ಒದರಾಕತ್ತಿತ್ತು, ಈಗ ಬಂದ್ ಆತು. ದವಾಖಾನಿಯೊಳಗ ಹಾಸಿಗಿ ಬಾಜೂಕ ಒದರತೈತಲ್ಲ, ಹಂಗ.”

ಸಂಪದಾ ಸೀಟಿನಿಂದ ಮುಂದಕ್ಕೆ ಬಗ್ಗಿದಳು. “ಜಲ್ದಿ ಚಲೋ ಭಯ್ಯಾ,” ಅಂದಳು. ಆಟೋದವನು ಹಾರಿಕೊಂಡು ಹೋಗಲೇ ಎಂಬಂತೆ ಮುಂದಿನ ಬಸ್ಸಿನತ್ತ ಗದ್ದ ಎತ್ತಿ, “ಉಡ್ಕೋ ಜಾವೂಂ ಕ್ಯಾ ಮೇಡಂ?” ಅಂದ; ಕನ್ನಡಿಯಲ್ಲಿ ಅವಳನ್ನು ನೋಡಿದವನೇ ಸುಮ್ಮನಾಗಿ ಗಾಡಿಯನ್ನು ಗಲ್ಲಿಯೊಳಗೆ ತಿರುಗಿಸಿದ. ಗಲ್ಲಿಯ ಪ್ರತಿ ತಿರುವಿನಲ್ಲೂ ಅವಳ ಕಣ್ಣಿಗೆ ಕಂಡದ್ದು ಒಂದೇ: ಆ ಗುಂಡಿಯ ಒಲೆಯನ್ನು ತಾನೇ ಎತ್ತಿಕೊಂಡು ಬಂದು ದೇವರ ಮುಂದೆ ಇಟ್ಟದ್ದು.

ಮನೆ ಬಾಗಿಲಲ್ಲಿ ವನಜಾ ಸೆರಗು ಕಚ್ಚಿ ನಿಂತಿದ್ದಳು. ಸಂಪದಾ ತನ್ನ ಕೀಲಿಯಿಂದ ಬಾಗಿಲು ತೆಗೆದಳು.

ಒಳಗೆ ಏನೂ ಸಪ್ಪಳವಿರಲಿಲ್ಲ. ದೇವರ ಮನೆಯಲ್ಲಿ ತುಳಸಾಬಾಯಿ ಗೋಡೆಗೆ ಬೆನ್ನು ಅಂಟಿಸಿ ಕೂತಿದ್ದರು. ಕಣ್ಣು ತೆರೆದೇ ಇದ್ದವು, ಆದರೆ ಮಿಟುಕುತ್ತಿರಲಿಲ್ಲ. ಹಣೆಯ ಬೆವರು ಕುಂಕುಮವನ್ನು ಮೂಗಿನ ತನಕ ಇಳಿಸಿತ್ತು.

“ಅತ್ಯಾ!”

“ಬರಬ್ಯಾಡ.” ತುಟಿ ಮಾತ್ರ ಅಲುಗಿದವು. “ಕೂಗ್ತದ.”

“ಏನು ಕೂಗ್ತದ್ರಿ?”

“ನನ್ನ ಎದಿಯೊಳಗಿಂದು. ಮುಂದ ಬಗ್ಗಿದ್ರ ಕೂಗ್ತದ. ಹಿಂದ ಸರಿದು ಗ್ವಾಡಿಗೆ ಆನಿಸಿ ಕೂತ್ರ ಸ್ವಲ್ಪ ಹೊತ್ತಿಗೆ ಸುಮ್ಮನಾಗ್ತದ. ಮತ್ತ ಬಗ್ಗಿ ಒತ್ತಿ ನೋಡಿದೆ, ಮತ್ತ ಕೂಗ್ತು. ಮುಗೀಲಿಕ್ಕೆ ಬಂದದ ಅಂತ ಹೇಳ್ಲಿಕ್ಕತ್ತದ ಅದು. ವನಜಾ ಬಾಗಿಲಾ ಬಡದದ್ದು ಕೇಳಿಸ್ತು. ಎದ್ರ ಎಲ್ಲಿ ನಿಂತೇ ಬಿಡ್ತದೋ ಅಂತ ಏಳಲಿಲ್ಲ.”

ಸಂಪದಾ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಒಲೆಯನ್ನು ಕಾಲಿನಿಂದಲೇ ಅತ್ತ ನೂಕಿದಳು. ಅವಳು ಆಫೀಸಿನಿಂದ ಬಂದವಳು, ಆಟೋದಲ್ಲಿ ಕೂತವಳು. ಮಡಿಯಲ್ಲಿರುವವರಿಂದ ಮಾರು ದೂರ ನಿಲ್ಲಬೇಕಾದವಳು. ಅತ್ತೆಯೇ ಕೈ ಚಾಚಿ ಅವಳ ಮುಂಗೈ ಹಿಡಿದರು. ಎಡಗಡೆ ಹೆಗಲ ಎಲುಬಿನ ಕೆಳಗೆ, ಪೇಸ್‌ಮೇಕರಿನ ಗಟ್ಟಿ ಗುಬುಟಿನ ಮೇಲೆ, ಒತ್ತಿ ಇಟ್ಟುಕೊಂಡರು.

“ನೋಡು. ನಡದದೇನು?”

ಸಂಪದಾಗೆ ಮೊದಲು ಏನೂ ತಿಳಿಯಲಿಲ್ಲ. ಉಸಿರು ಹಿಡಿದಳು. ಆಮೇಲೆ ಕೆಳಗಿನಿಂದ, ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಹಾಗೆ, ಅದು ಬಂತು. ಮತ್ತೆ ಬಂತು.

“ನಡದದ್ರಿ. ಸರಿಯಾಗೇ ನಡದದ.”

“ಹಂಗಾರ ಕೂಗಿದ್ದು?”

ಆಗ ಸಂಪದಾ ಒಲೆಯ ಮೇಲಿದ್ದ ಪಾತ್ರೆ ನೋಡಿದಳು. ಹಿತ್ತಾಳೆಯ ಬೋಗುಣಿ. ಬಗ್ಗಿ ಮುಟ್ಟಿದಳು: ತಣ್ಣಗೆ. ನೀರಿನಲ್ಲಿ ಅಕ್ಕಿ, ಹೆಸರುಬೇಳೆ ಹಾಗೇ ಮುಳುಗಿ ಕೂತಿದ್ದವು.

“ಸ್ಟೀಲಿಂದು ಎಲ್ಲಿ ಹೋತ್ರಿ?”

“ಅಟ್ಟದ ಮ್ಯಾಲೆ. ದೇವರಿಗೆ ಸ್ಟೀಲಿನೊಳಗ ಮಾಡ್ತಾರೇನ ಹುಚ್ಚಿ?”

“ಅತ್ಯಾ, ನೀವು ಎದ್ದು ಹಾಲ್‌ನೊಳಗ ಹೋಗ್ರಿ. ವನಜಾ, ಅವರ ಕೈ ಹಿಡೀರಿ.”

“ಏಳ್ಲ್ಯಾ?”

“ಏಳ್ರಿ. ನಾ ಹೇಳ್ಲಿಕ್ಕತ್ತೀನಿ.”

ತುಳಸಾಬಾಯಿ ಗೋಡೆ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಎದ್ದರು. ಹಾಲ್‌ನ ಆ ತುದಿಯ ಕುರ್ಚಿಯ ತನಕ ಹೋಗಿ ಕೂತರು. ಸಂಪದಾ ಪ್ಲಗ್ ಹಾಕಿದಳು. ತನ್ನ ಲೆಕ್ಕ ತಪ್ಪಿದ್ದರೆ? ಒಂದು ಗಳಿಗೆ ಕೈ ಗುಂಡಿಯ ಮೇಲೆಯೇ ನಿಂತಿತು. ಆಮೇಲೆ ಒತ್ತಿದಳು.

ಕುಂಯ್. ಕುಂಯ್. ಕುಂಯ್.

ಹಾಲ್‌ನಲ್ಲಿ ಅತ್ತೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು. “ನಾ ಇಲ್ಲೇ ಇದ್ದೀನಿ,” ಅಂದರು ನಿಧಾನಕ್ಕೆ. “ಅದು ಅಲ್ಲೇ ಕೂಗ್ಲಿಕ್ಕತ್ತದ.”

“ಹಿತ್ತಾಳಿ ಒಲ್ಲೆ ಅಂತದ್ರಿ ಅದು. ಹಿತ್ತಾಳಿ ಇಟ್ರ ಹಚ್ಚಿಕೊಳ್ಳೂದೇ ಇಲ್ಲ, ಸ್ವಲ್ಪ ಹೊತ್ತು ಕೂಗಿ ತಾನ ಆರ್ತದ.”

“ಅಯ್ಯ ನಿಮ್ಮ ಬೋಗುಣಿಗೆ ಬೆಂಕಿ ಬೀಳ್ಲಿ!” ವನಜಾ ನೆಲಕ್ಕೆ ಕುಸಿದು ನಗತೊಡಗಿದಳು. “ನಾ ಬಾಗಿಲಾ ಮುರೀಲಿಕ್ಕೆ ವಾಚ್‌ಮನ್‌ನ ಕರೆಯಾಕ ಹೊಂಟಿದ್ದೆನ್ರಿ!”

ಸಂಪದಾಗೆ ನಗು ಬರಲಿಲ್ಲ. ಇವತ್ತು ಸ್ಟೀಲಿನ ಪಾತ್ರೆಯನ್ನೇ ಇಟ್ಟಿದ್ದರೆ ಒಲೆ ಸುಮ್ಮನೆ ಹತ್ತಿಕೊಳ್ಳುತ್ತಿತ್ತು, ಅತ್ತೆ ಅದರ ಮೇಲೆ ಎದೆ ಬಗ್ಗಿಸಿ ಕೂತಿರುತ್ತಿದ್ದರು. ಗುರುದೇವಿ ಹೇಳಿದ್ದನ್ನು ಹೇಳಿದಳು. ವನಜಾಳ ನಗುವೂ ನಿಂತಿತು. ಅವಳು ಮೆಲ್ಲಗೆ ಎದ್ದು ಮನೆಗೆ ಹೋದಳು.

ಅತ್ತೆ ಕುರ್ಚಿಯಲ್ಲೇ ದೇವರ ಮನೆಯತ್ತ ತಿರುಗಿದರು. ಆಮೇಲೆ ಕೇಳಿದರು, “ಹಂಗಾರ ನೈವೇದ್ಯ ಯಾರು ಮಾಡ್ಬೇಕು? ನಾ ಏನು ದೂರದಿಂದ ಕೋಲು ಹಿಡದು ತಿರವಲೇನು?”

“ನಾ ಮಾಡ್ತೀನಿ. ಆಫೀಸಿಗೆ ಹೋಗೋಕಿಂತ ಮೊದಲ. ನೀವು ಆ ಕುರ್ಚಿ ಮ್ಯಾಲೆ ಕೂತು ಹೇಳ್ರಿ.”

“ಮಡಿ ಉಟ್ಟು?”

“ಉಟ್ಟು.”

“ಉಪ್ಪು ಎಷ್ಟು ಅಂತನೂ ಇಲ್ಲಿಂದನ ಒದರಬೇಕೇನು?”

“ಒದರ್ರಿ.”

ಅತ್ತೆ ತಮ್ಮ ಕೈ ನೋಡಿಕೊಂಡರು. “ನಿನ್ನ ಮುಟ್ಟಿದೆ. ಮತ್ತ ಸ್ನಾನ ಆಗ್ಬೇಕು. ನೀನೂ ಮಾಡು, ನನ್ನ ಆದ ಮ್ಯಾಲೆ.”

“ಆತ್ರಿ.”

“ನೀ ಇಲ್ಲೇ ಇರ್ತೀಯಲ್ಲ, ಸಂಪದಾ?”

“ಇಲ್ಲೇ ಇರ್ತೀನ್ರಿ.”

ತುಳಸಾಬಾಯಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ಕೇಳಿತು. ಸಂಪದಾ ಆ ಕಡೆ ನೋಡಿದಳು. ಅತ್ತೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟಿದ್ದರು.