ಅತ್ತಿಗೆಯ ಹೆಬ್ಬೆರಳು, ಅಣ್ಣನ ಚಾಕು

ನಮ್ಮ ಪಕ್ಕದ ಮನೆಯ ಬೂಟಿನಂಗಡಿ ಅಣ್ಣನಿಗೆ ಹೆಂಡತಿಯೆಂದರೆ ಪ್ರಾಣ. ಅತ್ತಿಗೆ ಮನೆಮನೆಗೆ ಟಪಾಲು ಹಂಚುವವಳು. ಅವಳ ಕಾಲಿನ ಹೆಬ್ಬೆರಳು ನೋಯುತ್ತಿದ್ದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಪ್ರತಿ ಭಾನುವಾರ ಆ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಚರ್ಮ ಕೊಯ್ಯುವ ಚಾಕುವಿನಿಂದಲೇ ಉಗುರಿನ ಮೂಲೆಯನ್ನು ಆಳಕ್ಕೆ ಕೆತ್ತಿ ತೆಗೆಯುತ್ತಿದ್ದ. ಎರಡು ದಿನ ಹಾಯೆನಿಸುತ್ತಿತ್ತು. ಆಮೇಲೆ ಮತ್ತೆ ಬಾವು, ಕೀವು.

ಈ ಸಲ ಅತ್ತಿಗೆಗೆ ಬೂಟು ಹಾಕಲೇ ಆಗಲಿಲ್ಲ. "ನಡೆಯೋಕಾಗದಿದ್ರೆ ಒಳಗೆ ಕೂತು ಮುದ್ರೆ ಒತ್ತು ಅಂದ್ರು ಸಾಹೇಬ್ರು. ನನ್ನ ಬೀದಿಗಳು ಬೇರೆಯವರ ಪಾಲಾಗ್ತವೆ ಕಣೇ" ಎಂದು ನನ್ನ ಮುಂದೆ ಅತ್ತಳು. ನಾನು ಆಸ್ಪತ್ರೆಯಲ್ಲಿ ನರ್ಸು. ಬೆರಳು ನೋಡಿದ ಕೂಡಲೇ ಗೊತ್ತಾಯಿತು.

"ಅಣ್ಣಾ, ಬೇಜಾರು ಮಾಡ್ಕೋಬೇಡ. ಮೂಲೆ ಕೆತ್ತಿದಷ್ಟೂ ಉಗುರಿನ ಚೂಪು ತುದಿ ಮಾಂಸದೊಳಗೇ ಬೆಳೆಯುತ್ತೆ."

ಅವನ ಮುಖ ಸಪ್ಪಗಾಯಿತು. "ಅಯ್ಯೋ, ಇವಳ ಕಾಲು ಕೆಡಿಸಿದ್ದು ನಾನೇನಾ?"

"ಪ್ರೀತಿಯಿಂದ ತಾನೇ ಮಾಡಿದ್ದು, ಬಿಡ್ರೀ" ಎಂದು ಅತ್ತಿಗೆ ಅವನ ಕೈ ಹಿಡಿದುಕೊಂಡಳು.

ಮರುದಿನ ಡಾಕ್ಟರು ಬೆರಳು ಪರೀಕ್ಷಿಸಿ ಎರಡು ದಾರಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ನಾನು ಮತ್ತೆ ಬಿಡಿಸಿ ಹೇಳಿದೆ.

"ಎರಡರಲ್ಲೂ ಬೆರಳು ಮರಗಟ್ಟೋ ಹಾಗೆ ಇಂಜೆಕ್ಷನ್ ಕೊಟ್ಟು, ಚುಚ್ಚೋ ಅಂಚನ್ನ ಮಾತ್ರ ತೆಗೀತಾರೆ. ಆಪರೇಷನ್ ಆದ್ರೆ ಆ ಅಂಚಿನ ಬೇರನ್ನೂ ಕತ್ತರಿಸಿ ಹೊಲಿಗೆ ಹಾಕ್ತಾರೆ. ಇನ್ನೊಂದರಲ್ಲಿ ಹೊಲಿಗೆ ಇಲ್ಲ, ಬೇರಿಗೆ ಫೀನಾಲ್ ಅನ್ನೋ ಔಷಧಿ ಹಚ್ಚಿ ಸುಡ್ತಾರೆ."

"ಸುಡೋದಾ!" ಅಣ್ಣ ಎದ್ದೇ ನಿಂತ. "ಬೇಡವೇ ಬೇಡ. ಕತ್ತರಿಸೋದಾದ್ರೆ ನಂಗರ್ಥ ಆಗುತ್ತೆ."

"ನಿಮಗೆ ಅದೊಂದೇ ತಾನೇ ಅರ್ಥ ಆಗೋದು!" ಅತ್ತಿಗೆ ನೋವಿನಲ್ಲೂ ನಕ್ಕಳು.

"ಮರಗಟ್ಟಿದ ಬೆರಳಿಗೆ ಉರಿ ಗೊತ್ತಾಗಲ್ಲ ಅಣ್ಣಾ. ಔಷಧಿ ಹಚ್ಚಿದ್ರೆ ಆಮೇಲಿನ ನೋವು ಸಾಮಾನ್ಯವಾಗಿ ಕಮ್ಮಿ, ಉಗುರು ಮತ್ತೆ ಒಳಗೆ ಬೆಳೆಯೋದೂ ಕಮ್ಮಿ. ಆದ್ರೆ ಕೆಲವು ವಾರ ನೀರು ಒಸರುತ್ತೆ, ಪಟ್ಟಿ ಬದಲಾಯಿಸ್ತಾ ಇರ್ಬೇಕು. ಕತ್ತರಿಸಿದ್ರೆ ಗಾಯ ಬೇಗ ಒಣಗಬಹುದು, ಮೊದಮೊದಲು ನೋವು ಜಾಸ್ತಿ."

ಅಣ್ಣ ಮೆಲ್ಲಗೆ ಕೂತ. "ಪಟ್ಟಿ ಕಟ್ಟೋಕೆ ನಾನಿದೀನಲ್ಲ."

"ಹಾಗಾದ್ರೆ ಔಷಧಿದೇ ಆಗ್ಲಿ" ಎಂದಳು ಅತ್ತಿಗೆ.

ಐದು ವಾರ ಅವನ ತೊಡೆಯ ಮೇಲೆ ಅದೇ ಪಾದ. ಕೈಯಲ್ಲಿ ಮಾತ್ರ ಚಾಕುವಿನ ಬದಲು ಶುಭ್ರವಾದ ಪಟ್ಟಿ. ಆರನೆಯ ವಾರ ಮುಂಭಾಗ ಅಗಲವಿರುವ ಹೊಸ ಬೂಟು ಹೊಲಿದುಕೊಟ್ಟ. ನಿನ್ನೆ ಅತ್ತಿಗೆ ನನ್ನ ಬಾಗಿಲು ತಟ್ಟಿ "ನಿನಗೊಂದು ಕಾಗದ ಇದೆ ಕಣೇ!" ಎಂದು ಕೂಗಿದಳು. ಅಣ್ಣ ಅಂಗಡಿಯಲ್ಲಿ ಕೂತೇ ಅವಳ ನಡಿಗೆ ನೋಡುತ್ತಾ ಕಣ್ಣೊರೆಸಿಕೊಂಡ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕುಂಟುತ್ತಿದ್ದಾರೆಯೇ? ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೆತ್ತಬೇಡಿ. ಸುಡುವ ಔಷಧಿಯನ್ನು ಮನೆಯಲ್ಲಿ ಹಚ್ಚಲೇಬೇಡಿ. ಸಕ್ಕರೆ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ನಿಮಗೆ ಯಾವ ಚಿಕಿತ್ಸೆ ಸರಿ ಎಂದು ಕೇಳಿ. ನಿಮ್ಮವರ ಕೈ ಹಿಡಿದು ಆಸ್ಪತ್ರೆಗೆ ಕರೆತನ್ನಿ. ಬೆಂಚಿನ ಮೇಲೆ ಜಾಗವಿದೆ, ಬಿಡಿಸಿ ಹೇಳಲು ನಾನಿದ್ದೇನೆ.