ಬಿಳಿ ಮರಳಿನ ಅಂಗಳ

ಪ್ರೀತಿಯಿಂದ ಹಾಳು ಮಾಡುವವರ ಮೇಲೆ ಸಿಟ್ಟಾಗುವುದೂ ಕಷ್ಟ. ನಾಗರಾಜ ಸರ್ ಮೇಲೆ ಬಂದ ಸಿಟ್ಟನ್ನು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.

ಮೆಲ್ಬರ್ನಿನ ಒಂದು ಯೂನಿವರ್ಸಿಟಿಗೆ ಲೈಬ್ರರಿ ಕಟ್ಟುವ ಕೆಲಸ ಸಿಡ್ನಿಯ ನಮ್ಮ ಆಫೀಸಿಗೆ ಬಂದಿತ್ತು. ವಿನ್ಯಾಸ ಯೂನ್ ಅವರದು. ಕೊರಿಯಾದಿಂದ ಬಂದು ಇಲ್ಲೇ ಮುದುಕರಾದ ಆರ್ಕಿಟೆಕ್ಟ್, ನನಗೆ ಕೆಲಸ ಕಲಿಸಿದವರು. ಗೋಡೆ, ಸೂರು ಎಲ್ಲ ಈ ಕಾಲದ ಕಾಂಕ್ರೀಟು. ಒಳಗಿನ ಬೆಳಕು ಮಾತ್ರ ಅವರ ಅಜ್ಜಿಯ ಮನೆಯದು. ಅಲ್ಲಿ ಅಂಗಳದಲ್ಲಿ ಏನನ್ನೂ ಇಡುತ್ತಿರಲಿಲ್ಲವಂತೆ, ಬಿಳಿ ಮರಳು ಹಾಸಿ ಖಾಲಿ ಬಿಡುತ್ತಿದ್ದರಂತೆ. ಲೈಬ್ರರಿಯಲ್ಲೂ ಅಂಥದೇ ಅಂಗಳ. ಸೂರು ಮುಂದಕ್ಕೆ ಚಾಚಿರುವುದರಿಂದ ಬಿಸಿಲು ನೇರವಾಗಿ ಒಳಗೆ ಬರುವುದಿಲ್ಲ. ಮರಳಿಗೆ ಬಿದ್ದು, ಪುಟಿದು, ಕಾಗದ ಅಂಟಿಸಿದ ಕಿಟಕಿಗಳಿಂದ ಮೆತ್ತಗೆ ಬರುತ್ತದೆ. ಓದುವ ಹಾಲ್‌ಗೆ ಹಗಲಲ್ಲಿ ಲೈಟೇ ಬೇಕಾಗಬಾರದು ಎನ್ನುವುದು ಯೂನ್ ಅವರ ಹಟ.

ಕಟ್ಟಡ ಮುಗಿಯುವ ಹೊತ್ತಿಗೆ ಅವರ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿತ್ತು. ಆ ಬೆಳಕಲ್ಲಿ ಒಮ್ಮೆ ಕೂತು ಬಂದರೆ ಸಾಕು ಎನ್ನುತ್ತಿದ್ದರು. ಡಾಕ್ಟರನ್ನು ಕಾಡಿ ಬೇಡಿ ಒಪ್ಪಿಸಿ, ವಿಮಾನದಲ್ಲಿ ನಾನೇ ಕರೆದುಕೊಂಡು ಹೋದೆ. ಯೂನಿವರ್ಸಿಟಿಗೆ ಕೀಲಿಕೈ ಒಪ್ಪಿಸಿ ಕೆಲವು ತಿಂಗಳಾಗಿತ್ತು, ಆಮೇಲೆ ನಾವ್ಯಾರೂ ಅತ್ತ ಹೋಗಿರಲಿಲ್ಲ.

ಬಾಗಿಲಲ್ಲಿ ಲೈಬ್ರರಿ ಕಮಿಟಿಯ ಅಧ್ಯಕ್ಷ ನಾಗರಾಜ ಸರ್ ನಿಂತಿದ್ದರು. ಮೈಸೂರಿನವರು, ರಿಟೈರ್ ಆದ ಪ್ರೊಫೆಸರ್, ಯೂನ್ ಎಂದರೆ ಪ್ರಾಣ. ಸರ್‌ಪ್ರೈಸ್ ಇದೆ ಎಂದು ಅಂಗಳಕ್ಕೆ ಕರೆದೊಯ್ದರು. ಮರಳು ಇರಲಿಲ್ಲ. ಹುಲ್ಲು ಹಾಸಿತ್ತು. ನಡುವೆ ಕರಿಕಲ್ಲಿನ ಕಟ್ಟೆ, ಅದರೊಳಗೆ ಎಲ್ಲಿಂದಲೋ ಬೇರುಸಹಿತ ತಂದು ನೆಟ್ಟ ದೊಡ್ಡ ಮರ. ಕಟ್ಟೆಯ ಮೇಲೆ ಯೂನ್ ಅವರ ಹೆಸರು ಕೆತ್ತಿಸಿದ್ದರು.

ಯೂನ್‌ಗೆ ತಿಳಿಯದಿರಲೆಂದು ಕನ್ನಡದಲ್ಲಿ ಕೇಳಿದೆ. "ಹಿಂಗ್ಯಾಕ ಮಾಡಿದ್ರಿ ಸರ್?"

"ಅಂಗಳ ಭಣಭಣ ಅಂತಿತ್ತಮ್ಮ ಸಂಧ್ಯಾರಾಣಿ. ಅಷ್ಟು ದೊಡ್ಡ ಮನುಷ್ಯರ ಹೆಸರಲ್ಲಿ ಒಂದು ಕಟ್ಟೆ ಬೇಡ್ವಾ? ನಮ್ಮ ಕಡೆ ಆಗಿದ್ರೆ ಅಂಗಳನ ಹಾಗೆ ಖಾಲಿ ಬಿಡ್ತಾರಾ?"

ಬಿಡುವುದಿಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ಕಟ್ಟೆಯಿಲ್ಲದ ಅಂಗಳವನ್ನು ನಾನೂ ಕಂಡಿಲ್ಲ.

ಯೂನ್ ಮರಕ್ಕೆ ತಲೆಬಾಗಿದರು. ತಾವೇ ಸರ್ ಅವರ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಆಮೇಲೆ ನನ್ನ ತೋಳು ಹಿಡಿದು ಹಾಲ್‌ಗೆ ಬಂದು ಕಿಟಕಿಯ ಪಕ್ಕ ಕೂತರು. ನಡುಮಧ್ಯಾಹ್ನದಲ್ಲೂ ಲೈಟುಗಳೆಲ್ಲ ಉರಿಯುತ್ತಿದ್ದವು. ಒಂದು ಸಲ ಆರಿಸು ಎಂದರು. ಆರಿಸಿದೆ. ಬಿಸಿಲನ್ನು ಪುಟಿಸುವ ಮರಳಿಲ್ಲದೆ, ಮರದ ನೆರಳಲ್ಲಿ ಕಿಟಕಿಯ ಕಾಗದ ಬೂದಿಯ ಬಣ್ಣಕ್ಕೆ ತಿರುಗಿತು. ಓದುತ್ತಿದ್ದ ಹುಡುಗರು ತಲೆಯೆತ್ತಿ ನನ್ನನ್ನು ನೋಡಿದರು.

ಮರ ತೆಗೆಸುತ್ತೇನೆ, ಮರಳು ಮತ್ತೆ ಹಾಕಿಸುತ್ತೇನೆ ಎಂದೆ.

"ಯಾವಾಗ?" ಎಂದು ಮೆಲ್ಲಗೆ ಕೇಳಿದರು.

ಅವರು ಆ ಮಬ್ಬಿನಲ್ಲಿ ಕಿಟಕಿಯನ್ನೇ ನೋಡುತ್ತ ಕೂತರು.

"ಲೈಟ್ ಹಾಕು," ಎಂದರು ಕೊನೆಗೆ. "ಹುಡುಗರಿಗೆ ಓದೋಕೆ ಕಾಣ್ತಿಲ್ಲ."